ತೋಟದ ಕಚೇರಿಯ ಪಿಸಿಗೆ ಹೊರಗಿನಿಂದ ರಿಮೋಟ್ ಸಿಗುತ್ತಿಲ್ಲವೇ? ಹುಡುಕಾಟ ಎಲ್ಲಿಂದ ಶುರು ಮಾಡಬೇಕು

‘ರಿಮೋಟ್ ಬರ್ತಾ ಇಲ್ಲ’ ಅಂತ ಫೋನ್ ಬಂದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ರೌಟರಿನ ಪುಟ ತೆರೆದು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಂದು ಪೋರ್ಟಿಗೆ, ಅಂದರೆ ನಂಬರಿನ ಬಾಗಿಲಿಗೆ, ಬಂದದ್ದನ್ನು ಒಳಗಿನ ಪಿಸಿಗೆ ಕಳಿಸುವ ಸೆಟ್ಟಿಂಗ್) ಬದಲಾಯಿಸುವುದು. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ದೋಷ ಯಾವ ಹಂತದಲ್ಲಿದೆ ಅಂತ ಗೊತ್ತಾಗುವ ತನಕ ಒಂದು ಸೆಟ್ಟಿಂಗನ್ನೂ ಮುಟ್ಟಬಾರದು. ಮುಟ್ಟಿದರೆ ಒಂದಿದ್ದ ದೋಷ ಎರಡಾಗುತ್ತದೆ, ಆಮೇಲೆ ಮೊದಲಿನದು ಯಾವುದು, ನೀವು ಸೇರಿಸಿದ್ದು ಯಾವುದು ಅಂತ ಬೇರ್ಪಡಿಸುವುದೇ ಕಷ್ಟ.

ಚಿಕ್ಕಮಗಳೂರು, ಮೂಡಿಗೆರೆ, ಆಲ್ದೂರು, ಅತ್ತ ಸಕಲೇಶಪುರದವರೆಗೆ ಕಾಫಿ ತೋಟಗಳ ಕಚೇರಿಗಳಲ್ಲಿ ವ್ಯವಸ್ಥೆ ಹೆಚ್ಚುಕಮ್ಮಿ ಒಂದೇ. ಟ್ಯಾಲಿಯೂ ಬಟವಾಡೆ ಲೆಕ್ಕವೂ ಇರುವ ಒಂದು ಪಿಸಿ, ಅದರ ಮುಂದೆ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು. ಮಾಲೀಕರು ಬೆಂಗಳೂರಿನಲ್ಲಿ, ಆಡಿಟರು ಹಾಸನದಲ್ಲಿ. ಕರೆಂಟ್ ಕಂಬಗಳ ಮೇಲೇ ಹಾದು ಬರುವ ಫೈಬರ್, ಅದು ಕಡಿದ ದಿನಕ್ಕೆ ಅಂತ ಒಂದು 4ಜಿ ರೌಟರ್. ನವೆಂಬರಿನಿಂದ ಫೆಬ್ರುವರಿವರೆಗಿನ ಕೊಯ್ಲಿನ ಕಾಲದಲ್ಲಿ ರಿಮೋಟ್ ನಿಂತರೆ ವಾರದ ಬಟವಾಡೆಯೇ ತಡವಾಗುತ್ತದೆ. ಹಾಗಾಗಿ ಇದನ್ನು ಅವಸರದಲ್ಲಿ ಅಲ್ಲ, ಕ್ರಮದಲ್ಲಿ ನೋಡಬೇಕು: ಮೊದಲು ಪಿಸಿ, ಆಮೇಲೆ ಕಚೇರಿಯೊಳಗಿನ ನೆಟ್‌ವರ್ಕ್, ಆಮೇಲೆ ರೌಟರ್, ಕೊನೆಗೆ ಹೊರಗಿನ ಲೈನ್.

ಪರದೆ ಹೇಳುವುದು, ಹೇಳದಿರುವುದು

ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಟ್ ಆಗದಿದ್ದರೆ ಸಾಮಾನ್ಯವಾಗಿ ಕಾಣುವ ಸಂದೇಶದಲ್ಲಿ ಮೂರು ಕಾರಣಗಳು ಒಟ್ಟಿಗೇ ಇರುತ್ತವೆ: ಆ ಕಡೆ ರಿಮೋಟ್ ಆನ್ ಮಾಡಿಲ್ಲ, ಕಂಪ್ಯೂಟರ್ ಆಫ್ ಆಗಿದೆ, ಅಥವಾ ನೆಟ್‌ವರ್ಕಿನಲ್ಲಿ ಸಿಗುತ್ತಿಲ್ಲ. ಮೂರರಲ್ಲಿ ಯಾವುದು ಅಂತ ಅದು ಹೇಳುವುದಿಲ್ಲ. ಅದನ್ನು ಓದಿ ಏನನ್ನೂ ತೀರ್ಮಾನಿಸಬೇಡಿ.

ಆದರೆ ಯೂಸರ್ ಹೆಸರು, ಪಾಸ್‌ವರ್ಡ್ ಕೇಳಿ ಆಮೇಲೆ ‘ಸರಿ ಇಲ್ಲ’ ಅಂದರೆ ವಿಷಯವೇ ಬೇರೆ. ಒಂದು ಸಲ ನಿಜವಾದ ಪಾಸ್‌ವರ್ಡ್ ಆ ಕಡೆ ಮುಟ್ಟಿ ತಿರಸ್ಕೃತವಾಗಿದೆ ಅಂದರೆ ದಾರಿ ತೆರೆದೇ ಇದೆ. ಫೈರ್‌ವಾಲ್ (ಒಳಬರುವುದನ್ನು ತಡೆಯುವ ಕಾವಲು), ರೌಟರ್ ಯಾವುದರ ತಪ್ಪೂ ಅಲ್ಲ. ಲಾಗಿನ್ ಭಾಗಕ್ಕೆ ನೇರ ಹೋಗಿ. ಇಲ್ಲಿ ಒಂದು ಎಚ್ಚರಿಕೆ: ಕನೆಕ್ಟ್ ಒತ್ತಿದ ಕೂಡಲೇ ಪಾಸ್‌ವರ್ಡ್ ಕೇಳಿದ ಮಾತ್ರಕ್ಕೆ ಆ ಕಡೆ ಮುಟ್ಟಿದೆ ಅಂತಲ್ಲ, ಕೆಲವು ಸಲ ನಿಮ್ಮ ಕಡೆಯ ಪ್ರೋಗ್ರಾಮೇ ಮೊದಲು ಕೇಳಿಟ್ಟುಕೊಳ್ಳುತ್ತದೆ. ಪಾಸ್‌ವರ್ಡ್ ಕೊಟ್ಟ ಮೇಲೆ ಏನು ಉತ್ತರ ಬಂತು ಎನ್ನುವುದು ಮುಖ್ಯ.

ಇನ್ನು ಪಿಂಗ್, ಅಂದರೆ ‘ಇದ್ದೀಯಾ’ ಅಂತ ಇನ್ನೊಂದು ಯಂತ್ರಕ್ಕೆ ಕಳಿಸುವ ಚಿಕ್ಕ ಸಂದೇಶ. ‘ಪಿಂಗ್ ಹೋಗ್ತಿಲ್ಲ, ಹಾಗಾಗಿ ಪಿಸಿ ಆಫ್’ ಅನ್ನುವವರು ಬಹಳ ಮಂದಿ. ವಿಂಡೋಸ್ ಫೈರ್‌ವಾಲ್ ಪಬ್ಲಿಕ್ ಪ್ರೊಫೈಲಿನಲ್ಲಿದ್ದಾಗ (ಪರಿಚಯವಿಲ್ಲದ ನೆಟ್‌ವರ್ಕ್ ಅಂತ ಬಿಗಿಯಾಗಿರುವ ಸ್ಥಿತಿ) ಸಾಮಾನ್ಯವಾಗಿ ಪಿಂಗಿಗೆ ಉತ್ತರ ಕೊಡುವುದಿಲ್ಲ, ಪಿಸಿ ಮಾತ್ರ ಚೆನ್ನಾಗಿಯೇ ಓಡುತ್ತಿರುತ್ತದೆ. ಇನ್ನೊಂದು ಸೂಕ್ಷ್ಮ ವಿಷಯ: ಕೆಲವು ಸಿಸ್ಟಮ್ಮುಗಳಲ್ಲಿ ಪೋರ್ಟಿನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅಂದರೆ ‘ಇಲ್ಲ’ ಎಂಬ ಉತ್ತರ ತಕ್ಷಣ ಬರುತ್ತದೆ, ಫೈರ್‌ವಾಲ್ ತಡೆದಿದ್ದರೆ ಮೌನ. ವಿಂಡೋಸ್‌ನಲ್ಲಿ ಫೈರ್‌ವಾಲ್ ಆನ್ ಇದ್ದರೆ ಎರಡಕ್ಕೂ ಮೌನವೇ. ಅಂದರೆ ದೂರದಿಂದ ಪೋರ್ಟ್ ಪರೀಕ್ಷೆ ಮಾಡಿ ‘ಸರ್ವಿಸ್ ನಿಂತಿದೆ’, ‘ಫೈರ್‌ವಾಲ್ ತಡೆದಿದೆ’ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಪಿಸಿಯ ಮುಂದೆ ಯಾರಾದರೂ ಕೂತು ನೋಡಲೇಬೇಕು. ರೈಟರಿಗೆ ಫೋನ್ ಮಾಡಿ ಹಂತ ಹಂತವಾಗಿ ಹೇಳಿದರೂ ಆಗುತ್ತದೆ, ಅವರು ಕಣ್ಣಾರೆ ಕಂಡದ್ದನ್ನು ಓದಿ ಹೇಳಿದರೆ ಸಾಕು.

ಪಿಸಿಯಲ್ಲಿ

ವಿಂಡೋಸ್ ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಇನ್ನೊಬ್ಬರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಳಗೆ ಬಿಡುವ ಪಿಸಿಯಲ್ಲಿ ಪ್ರೊ ಅಥವಾ ಅದಕ್ಕಿಂತ ಮೇಲಿನದು ಬೇಕು, ನೋಡುವ ಕಡೆ ಹೋಮ್ ಇದ್ದರೂ ನಡೆಯುತ್ತದೆ. ಅಂಗಡಿಯಿಂದ ತಂದ ಲ್ಯಾಪ್‌ಟಾಪುಗಳಲ್ಲಿ ಹೋಮ್ ಇರುವುದೇ ಹೆಚ್ಚು, ಆದ್ದರಿಂದ ಇದನ್ನು ಮೊದಲೇ ನೋಡಿ.

ಪ್ರೊ ಇದ್ದು ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಆನ್ ಆಗಿದ್ದರೆ, ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಸ್ಟ್ಯಾಟ್ ಓಡಿಸಿ, ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟ್ ‘ಲಿಸನಿಂಗ್’ ಸ್ಥಿತಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ದೋಷ ಇಲ್ಲೇ ಇದೆ, ರೌಟರಿನ ಹತ್ತಿರ ಹೋಗುವ ಅಗತ್ಯವೇ ಇಲ್ಲ. ರಿಮೋಟ್ ಡೆಸ್ಕ್‌ಟಾಪ್ ಸರ್ವಿಸ್ ಶುರು ಮಾಡಿ ಮತ್ತೆ ನೋಡಿ.

ಲಿಸನಿಂಗ್ ಇದೆ, ಆದರೂ ಪಕ್ಕದ ಲ್ಯಾಪ್‌ಟಾಪಿನಿಂದಲೂ ಬರುತ್ತಿಲ್ಲ ಅಂದರೆ ಫೈರ್‌ವಾಲ್. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೈರ್‌ವಾಲ್ ಮೂಲಕ ಬಿಡಬೇಕಾದ ಆ್ಯಪ್‌ಗಳ ಪಟ್ಟಿ ತೆರೆಯಿರಿ. ಅಲ್ಲಿ ಪ್ರೈವೇಟ್, ಪಬ್ಲಿಕ್ ಅಂತ ಎರಡು ಕಾಲಂ ಇವೆ. ಟಿಕ್ ಪ್ರೈವೇಟಿಗೆ ಮಾತ್ರ ಇದ್ದು, ಪಿಸಿ ತಾನಿರುವ ನೆಟ್‌ವರ್ಕನ್ನು ಪಬ್ಲಿಕ್ ಅಂತ ಗುರುತಿಸಿಕೊಂಡಿದ್ದರೆ ಒಳಗೆ ಬರುವುದೆಲ್ಲ ಸದ್ದಿಲ್ಲದೆ ಬಿದ್ದುಹೋಗುತ್ತದೆ. ನಮ್ಮ ಕಡೆ ಇದು ಏಪ್ರಿಲ್, ಮೇ ತಿಂಗಳಲ್ಲಿ ಹೆಚ್ಚು. ಗುಡುಗು ಮಳೆಗೆ ರೌಟರ್ ಸುಟ್ಟುಹೋಗಿ ಹೊಸದು ಬರುತ್ತದೆ, ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಅಂತ ನೋಡುತ್ತದೆ, ಕೇಳಿದ ಪ್ರಶ್ನೆಗೆ ಯಾರೋ ಏನೋ ಒತ್ತಿರುತ್ತಾರೆ. ಇಂಟರ್ನೆಟ್ ಸರಿಯಾಗಿಯೇ ಬರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕಚೇರಿಯ ನೆಟ್‌ವರ್ಕನ್ನು ಪ್ರೈವೇಟ್ ಮಾಡಿ. ಪಬ್ಲಿಕ್ ಕಾಲಮ್ಮಿನಲ್ಲಿ ಟಿಕ್ ಹಾಕಿ ಕೈತೊಳೆದುಕೊಳ್ಳಬೇಡಿ, ಅದೇ ಲ್ಯಾಪ್‌ಟಾಪ್ ನಾಳೆ ಹೋಟೆಲಿನ ವೈಫೈಗೂ ಹೋಗಬಹುದು. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ಅದರೊಳಗೂ ಒಂದು ಫೈರ್‌ವಾಲ್ ಇರಬಹುದು, ಅದನ್ನೂ ನೋಡಿ.

ಪಿಸಿ ಸ್ಲೀಪಿಗೆ ಹೋಗುವುದನ್ನು ನಿಲ್ಲಿಸಿ. ‘ಬೆಳಿಗ್ಗೆ ಬರುತ್ತೆ, ಊಟದ ಹೊತ್ತಿಗೆ ಬರಲ್ಲ’ ಅನ್ನುವ ದೂರು ಇದ್ದರೆ ಅದು ಸಾಮಾನ್ಯವಾಗಿ ಇದೇ.

ಹೊರಗಿನ ವಿಳಾಸ ನಿಮ್ಮದೇ?

ಕಚೇರಿಯೊಳಗೆ ಬರುತ್ತದೆ, ಹೊರಗಿನಿಂದ ಬರುವುದಿಲ್ಲ ಅಂತ ಖಚಿತವಾದ ಮೇಲೆಯೇ ರೌಟರಿಗೆ ಬನ್ನಿ. ಹೊರಗಿನಿಂದ ಪರೀಕ್ಷಿಸುವಾಗ ಮೊಬೈಲ್ ಡೇಟಾದ ಹಾಟ್‌ಸ್ಪಾಟ್ ಬಳಸಿ. ಕಚೇರಿಯ ವೈಫೈಯಲ್ಲೇ ಕೂತು ಕಚೇರಿಯ ಹೊರವಿಳಾಸ ಒತ್ತಿದರೆ, ಎಲ್ಲ ಸರಿಯಿದ್ದರೂ ಎಷ್ಟೋ ರೌಟರುಗಳು ಅದನ್ನು ಹಿಂದಿರುಗಿಸಿ ಒಳಗೆ ಕಳಿಸುವುದಿಲ್ಲ.

ಈಗ ರೌಟರಿನ ಸ್ಟೇಟಸ್ ಪುಟದಲ್ಲಿರುವ ವ್ಯಾನ್ ಐಪಿ (ರೌಟರಿಗೆ ಹೊರಗಿನ ಲೈನಿನಿಂದ ಸಿಕ್ಕ ವಿಳಾಸ) ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದೇ ಕಚೇರಿಯಿಂದ ‘ನನ್ನ ಐಪಿ ಏನು’ ಅಂತ ತೋರಿಸುವ ಯಾವುದಾದರೂ ಸೈಟಿನಲ್ಲಿ ಕಾಣುವ ಐಪಿ ಅದರ ಕೆಳಗೆ ಬರೆಯಿರಿ. ಈ ಎರಡು ಸಾಲಿನಲ್ಲಿ ಮುಕ್ಕಾಲು ಉತ್ತರವಿದೆ.

ಎರಡೂ ಒಂದೇ ಆಗಿದ್ದರೆ ವಿಳಾಸ ನಿಮ್ಮದೇ, ಫಾರ್ವರ್ಡಿಂಗ್ ಕೆಲಸ ಮಾಡಬಲ್ಲದು. ವ್ಯಾನ್ ಐಪಿ 192.168ರಿಂದ ಶುರುವಾದರೆ ನಿಮ್ಮ ರೌಟರಿನ ಮುಂದೆ ಇನ್ನೊಂದು ರೌಟರ್ ಇದೆ. ಬಹುಪಾಲು ಅದು ಫೈಬರ್ ಕಂಪನಿಯವರು ಗೋಡೆಗೆ ಹೊಡೆದು ಹೋದ, ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆ. ನೀವು ಎರಡನೆಯದರಲ್ಲಿ ಎಷ್ಟು ಬಾಗಿಲು ತೆರೆದರೂ ಮೊದಲನೆಯದು ಮುಚ್ಚಿಯೇ ಇರುತ್ತದೆ. ಓಎನ್‌ಟಿಯನ್ನು ಬ್ರಿಜ್ ಮೋಡಿಗೆ (ರೌಟರಿನ ಕೆಲಸ ಬಿಟ್ಟು ಲೈನನ್ನು ದಾಟಿಸುವುದಷ್ಟೇ) ಹಾಕಿಸಿ, ಇಲ್ಲವೇ ನಿಮ್ಮ ರೌಟರನ್ನು ಬರೀ ಆ್ಯಕ್ಸೆಸ್ ಪಾಯಿಂಟ್ ಮಾಡಿ.

ವ್ಯಾನ್ ಐಪಿ 100.64ರಿಂದ 100.127ರ ಒಳಗಿದ್ದರೆ? ಅಲ್ಲಿಗೆ ಫಾರ್ವರ್ಡಿಂಗ್ ಕಥೆ ಮುಗಿಯಿತು. ಈ ವಿಳಾಸಗಳ ಗುಂಪನ್ನು 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದೇ ತೆಗೆದಿಡಲಾಯಿತು. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಐಪಿವಿ4 ಎಂಬ ಹಳೆಯ ಬಗೆಯ ವಿಳಾಸಗಳ ಕೊರತೆ ಇರುವುದರಿಂದ ಕಂಪನಿ ಒಂದೇ ಹೊರವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿರುತ್ತದೆ. ಕಾರ್ಮಿಕರ ಲೈನ್ ಮನೆಗಳಿಗೆಲ್ಲ ಸೇರಿ ತೋಟದ ಹೆಸರೊಂದೇ ವಿಳಾಸ ಇದ್ದಂತೆ: ಒಳಗಿನವರು ಕಾಗದ ಬರೆದರೆ ಉತ್ತರ ಹುಡುಕಿಕೊಂಡು ಬರುತ್ತದೆ, ಆದರೆ ಹೊರಗಿನವರು ತಾವಾಗಿ ತೋಟದ ಹೆಸರು ಮಾತ್ರ ಬರೆದು ಹಾಕಿದ ಕಾಗದ ಯಾರಿಗೆ ಕೊಡಬೇಕೆಂದು ಗೊತ್ತಾಗದೆ ಗೇಟಿನಲ್ಲೇ ಉಳಿಯುತ್ತದೆ. 4ಜಿ ರೌಟರುಗಳಲ್ಲಿ ಇದು ಸರ್ವೇಸಾಮಾನ್ಯ, ಅಲ್ಲಿ 10ರಿಂದ ಶುರುವಾಗುವ ವಿಳಾಸವೂ ಕಾಣಬಹುದು. ಡಿಡಿಎನ್‌ಎಸ್ ಹಾಕಿಸಿಕೊಂಡರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬದಲಾಗುವ ವಿಳಾಸವನ್ನು ಹೆಸರಿಗೆ ಜೋಡಿಸುವುದಷ್ಟೇ ಅದರ ಕೆಲಸ, ನಿಮ್ಮದಲ್ಲದ ವಿಳಾಸವನ್ನು ನಿಮ್ಮದಾಗಿಸಲು ಅದಕ್ಕೆ ಆಗುವುದಿಲ್ಲ. ಕೆಲವು ಕಂಪನಿಗಳು ಹೆಚ್ಚುವರಿ ಹಣಕ್ಕೆ ಸ್ಟ್ಯಾಟಿಕ್ ಐಪಿ (ಬದಲಾಗದ, ನಿಮ್ಮದೇ ಆದ ಹೊರವಿಳಾಸ) ಕೊಡುತ್ತವೆ. ಹೊಸ ಬಗೆಯ ವಿಳಾಸವಾದ ಐಪಿವಿ6 ಬರುತ್ತಿದ್ದರೆ ಅಲ್ಲಿ ಈ ಹಂಚಿಕೆ ಇಲ್ಲ, ಆದರೆ ಒಳಬರುವುದನ್ನು ರೌಟರಿನ ಫೈರ್‌ವಾಲ್ ಸಾಮಾನ್ಯವಾಗಿ ತಡೆದಿರುತ್ತದೆ.

3389 ತೆರೆಯಬೇಡಿ

ವಿಳಾಸ ನಿಮ್ಮದೇ ಆಗಿದ್ದರೂ 3389 ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆಯಬಾರದು. ಇದರಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ. ಇಂಟರ್ನೆಟ್ಟಿನಲ್ಲಿ ತೆರೆದ ಪೋರ್ಟುಗಳನ್ನು ಯಂತ್ರಗಳು ಹಗಲೂ ರಾತ್ರಿ ತಡಕುತ್ತಿರುತ್ತವೆ. ತೆರೆದಿಟ್ಟ ಪಿಸಿಯ ಈವೆಂಟ್ ವ್ಯೂವರಿನಲ್ಲಿ ಸೆಕ್ಯುರಿಟಿ ಲಾಗ್ ತೆರೆದು 4625 ಸಂಖ್ಯೆಯ ದಾಖಲೆಗಳನ್ನು ಸೋಸಿ ನೋಡಿ. ವಿಫಲವಾದ ಲಾಗಿನ್ ಪ್ರಯತ್ನಗಳು ಪುಟಗಟ್ಟಲೆ ಸಿಗುತ್ತವೆ, ನಿಮ್ಮ ಕಚೇರಿಯಲ್ಲಿ ಯಾರಿಗೂ ಇಲ್ಲದ ಹೆಸರುಗಳಲ್ಲಿ. 2019ರ ಮೇ ತಿಂಗಳಲ್ಲಿ ಬಯಲಾದ ಬ್ಲೂಕೀಪ್ ದೋಷಕ್ಕೆ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ವಿಂಡೋಸ್ 7 ಮತ್ತು ಅದಕ್ಕೂ ಹಳೆಯ ಆವೃತ್ತಿಗಳ ರಿಮೋಟ್ ಡೆಸ್ಕ್‌ಟಾಪ್ ಸೇವೆಯಲ್ಲಿತ್ತು ಅದು. ಬೆಂಬಲ ಮುಗಿದು ವರ್ಷಗಳಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಬೇಕಾಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಂಥ ಪಿಸಿಗಳು ತೋಟಗಳಲ್ಲಿ ಇನ್ನೂ ಎಷ್ಟೋ ಇವೆ. ಪೋರ್ಟ್ ಸಂಖ್ಯೆ ಬದಲಾಯಿಸಿದರೆ ಲಾಗಿನಲ್ಲಿ ಗದ್ದಲ ಕಡಿಮೆಯಾಗುತ್ತದೆ, ಅಪಾಯ ಹಾಗೇ ಇರುತ್ತದೆ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಮ್) ಹೊಕ್ಕರೆ ಹೋಗುವುದು ಇಡೀ ತೋಟದ ವರ್ಷಗಳ ಲೆಕ್ಕ.

ಹಾಗಾದರೆ ದಾರಿ? ಪಿಸಿಯೇ ಒಳಗಿನಿಂದ ಹೊರಗೆ ಒಂದು ಸುರಂಗ, ಅಂದರೆ ವಿಪಿಎನ್ ಎಂಬ ಗುಪ್ತ ದಾರಿ, ಕಟ್ಟಿಕೊಳ್ಳಬೇಕು, ನಾವು ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್ ಓಡಿಸಬೇಕು. ವೈರ್‌ಗಾರ್ಡ್ ಎಂಬ ಸಾಫ್ಟ್‌ವೇರ್ ಇದಕ್ಕೆ ಚೆನ್ನಾಗಿದೆ, ಆದರೆ ಎರಡು ತುದಿಯಲ್ಲಿ ಒಂದಕ್ಕಾದರೂ ಹೊರವಿಳಾಸ ಬೇಕು. ಎರಡೂ ಕಡೆ ಸಿಜಿನ್ಯಾಟ್ ಇದ್ದರೆ ನಡುವೆ ಬಾಡಿಗೆಯ ಒಂದು ಚಿಕ್ಕ ಸರ್ವರ್ ಇಡಬೇಕಾಗುತ್ತದೆ. ಟೇಲ್‌ಸ್ಕೇಲ್ ಎಂಬ ಇನ್ನೊಂದು ಸಾಫ್ಟ್‌ವೇರ್ ಆ ಹೊಂದಾಣಿಕೆಯನ್ನು ತಾನೇ ಮಾಡುತ್ತದೆ. ನೇರ ದಾರಿ ಸಿಗದಿದ್ದರೆ 443 ಪೋರ್ಟಿನ ಮೂಲಕ ನಡುವೆ ನಿಂತು ದಾಟಿಸುವ ತನ್ನ ರಿಲೇ ಸರ್ವರುಗಳನ್ನು ಹಿಡಿಯುತ್ತದೆ, ಸ್ವಲ್ಪ ನಿಧಾನ, ಆದರೆ ಕೆಲಸ ನಡೆಯುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಒಂದು ಗೊಂದಲ ಬೇಡ: ಟೇಲ್‌ಸ್ಕೇಲ್ ಕೊಡುವ ವಿಳಾಸಗಳೂ 100.64ರ ಗುಂಪಿನವೇ. ಪಿಸಿಯಲ್ಲಿ ಅಂಥ ವಿಳಾಸ ಕಂಡರೆ ಅದು ಸಿಜಿನ್ಯಾಟ್ ಅಲ್ಲ, ರೌಟರಿನ ವ್ಯಾನ್ ಪುಟದಲ್ಲಿ ಕಂಡರೆ ಮಾತ್ರ ಸಿಜಿನ್ಯಾಟ್.

ಕಾಲೇಜು, ಬ್ಯಾಂಕು, ಸರ್ಕಾರಿ ಕಚೇರಿಯ ನೆಟ್‌ವರ್ಕಿನಲ್ಲಿ ಕೂತಿದ್ದೀರಾದರೆ ಫೈರ್‌ವಾಲ್ ಬೇರೆಯವರ ಜವಾಬ್ದಾರಿ. ಅಲ್ಲಿ ಸುರಂಗ ಕಟ್ಟುವ ಮುಂಚೆ ನೋಡಿಕೊಳ್ಳುವವರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ವೈರ್‌ಗಾರ್ಡ್ ಯುಡಿಪಿ ಎಂಬ ಸಾಗಣೆಯ ಬಗೆಯನ್ನು ಮಾತ್ರ ಬಳಸುತ್ತದೆ, ಅದನ್ನೇ ತಡೆದಿರುವ ಜಾಗದಲ್ಲಿ ಎಷ್ಟು ಹೊತ್ತು ಕೂತರೂ ಎರಡು ತುದಿಗಳು ಪರಸ್ಪರ ಗುರುತಿಸಿಕೊಳ್ಳುವ ಹ್ಯಾಂಡ್‌ಶೇಕ್ ಆಗುವುದಿಲ್ಲ.

ಸುರಂಗವಿದೆ, ಆದರೂ ಬರುತ್ತಿಲ್ಲ

ಇಲ್ಲಿನ ದೋಷಗಳು ಮೇಲ್ನೋಟಕ್ಕೆ ವಿಚಿತ್ರ, ಕಾರಣ ಗೊತ್ತಾದರೆ ಸರಳ.

ಬೆಂಗಳೂರಿನ ಮನೆಯ ನೆಟ್‌ವರ್ಕೂ 192.168.1, ತೋಟದ್ದೂ 192.168.1. ವಿಪಿಎನ್ ಆನ್ ಮಾಡಿ 192.168.1.50 ಅಂತ ಒತ್ತಿದರೆ ಲ್ಯಾಪ್‌ಟಾಪ್ ಅದನ್ನು ಮನೆಯಲ್ಲೇ ಹುಡುಕುತ್ತದೆ. ಹೋಟೆಲಿನಿಂದ ಬರುತ್ತದೆ, ಮನೆಯಿಂದ ಬರುವುದಿಲ್ಲ ಅನ್ನುವ ದೂರಿನ ಮೂಲ ಹೆಚ್ಚಾಗಿ ಇದೇ. ತೋಟದ ಕಡೆಯದನ್ನು 192.168.73 ಎಂಬಂಥ ಅಪರೂಪದ್ದಕ್ಕೆ ಬದಲಾಯಿಸಿ. ರೌಟರ್ ಬದಲಾದಾಗಲೆಲ್ಲ ಅದು ಹಳೆಯದಕ್ಕೆ ಮರಳುತ್ತದೆ ಅನ್ನುವುದನ್ನು ರೌಟರಿನ ಮೇಲೇ ಚೀಟಿ ಅಂಟಿಸಿ ಬರೆದಿಡಿ.

ಫೈರ್‌ವಾಲ್ ನಿಯಮದಲ್ಲಿ ಸ್ಕೋಪ್ ಎಂಬ ಟ್ಯಾಬ್ ಇದೆ. ಯಾರಾದರೂ ಜಾಗ್ರತೆಯಿಂದ ಅಲ್ಲಿ ‘ಲೋಕಲ್ ಸಬ್‌ನೆಟ್’ ಅಂತ ಮಾಡಿಟ್ಟಿದ್ದರೆ ಪಕ್ಕದ ಲ್ಯಾಪ್‌ಟಾಪಿಗೆ ಬಾಗಿಲು ತೆರೆಯುತ್ತದೆ, ಸುರಂಗದಿಂದ ಬಂದವರಿಗೆ ತೆರೆಯುವುದಿಲ್ಲ. ಆ ನಿಯಮ ತೆಗೆಯಬೇಡಿ, ಸುರಂಗದ ವಿಳಾಸಗಳನ್ನೂ ಸೇರಿಸಿ.

ಟೇಲ್‌ಸ್ಕೇಲ್ ಆರು ತಿಂಗಳು ಚೆನ್ನಾಗಿ ನಡೆದು ಒಂದು ದಿನ ಇದ್ದಕ್ಕಿದ್ದಂತೆ ನಿಂತರೆ ಪಿಸಿಯ ಗುರುತಿನ ಕೀ ಅವಧಿ ಮುಗಿದಿರುತ್ತದೆ. ಸಾಮಾನ್ಯ ಅವಧಿ 180 ದಿನ. ಕಚೇರಿಯ ಪಿಸಿಗೆ ಮಾತ್ರ ಅವಧಿ ಮುಗಿಯುವುದನ್ನು ಅಡ್ಮಿನ್ ಪುಟದಲ್ಲಿ ನಿಲ್ಲಿಸಿ. ಜೊತೆಗೆ ‘ಅನ್‌ಅಟೆಂಡೆಡ್’ ಆಯ್ಕೆ ಆನ್ ಮಾಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಯಾರಾದರೂ ಲಾಗಿನ್ ಆಗುವ ತನಕ ಸುರಂಗ ಏಳುವುದಿಲ್ಲ. ಭಾನುವಾರ ಕಚೇರಿಯಲ್ಲಿ ಯಾರಿರುತ್ತಾರೆ? ವೈರ್‌ಗಾರ್ಡ್ ಆದರೆ ಕಚೇರಿಯ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಹಾಕಿ, ಇಲ್ಲವಾದರೆ ಸುಮ್ಮನಿದ್ದ ಸುರಂಗದ ದಾರಿಯನ್ನು ನಡುವಿನ ರೌಟರುಗಳು ಮರೆತುಬಿಡುತ್ತವೆ.

ಲಾಗಿನ್ ಆದ ಮೇಲೆ ಕಪ್ಪು ಪರದೆ ಬಂದು ನಿಂತರೆ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ) ಅನುಮಾನಿಸಿ. ಚಿಕ್ಕ ಪ್ಯಾಕೆಟ್ ದಾಟುತ್ತದೆ, ಪರದೆಯ ಚಿತ್ರ ಹೊತ್ತ ದೊಡ್ಡದು ಸಿಕ್ಕಿಕೊಳ್ಳುತ್ತದೆ. ವೈರ್‌ಗಾರ್ಡಿನ ಸಾಮಾನ್ಯ ಎಂಟಿಯು 1420, ಅದನ್ನು 1280ಕ್ಕೆ ಇಳಿಸಿ ನೋಡಿ.

ಗಡಿಯಾರ

ಇದಕ್ಕೆ ಬೇರೆ ಜಾಗವನ್ನೇ ಕೊಡುತ್ತಿದ್ದೇನೆ, ಮಲೆನಾಡಿನಲ್ಲಿ ಇದು ಅಷ್ಟು ಸಾಮಾನ್ಯ, ಮತ್ತು ಯಾರೂ ನೋಡುವುದಿಲ್ಲ. ಆಲ್ದೂರಿನ ಕಡೆಯ ಒಂದು ತೋಟದಲ್ಲಿ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರಲಿಲ್ಲ. ಬಂದ ಮೇಲೆ ಪಿಸಿ ಆನ್ ಆಯಿತು, ಸುರಂಗ ಮಾತ್ರ ಏಳಲಿಲ್ಲ. ರೌಟರ್ ಬದಲಾಯಿಸಿದರು, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದರು. ಪರದೆಯ ಕೆಳಮೂಲೆಯಲ್ಲಿ ದಿನಾಂಕ ಹಲವು ವರ್ಷ ಹಿಂದಿನದಿತ್ತು. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್ 2032, ಸತ್ತಿತ್ತು.

ದಿನಾಂಕ ತಪ್ಪಿದರೆ ಸರ್ವರುಗಳ ಗುರುತು ತೋರಿಸುವ ಸರ್ಟಿಫಿಕೇಟುಗಳು ಅಸಿಂಧುವಾಗಿ ಕಾಣುತ್ತವೆ, ಸುರಂಗದ ಸಾಫ್ಟ್‌ವೇರ್ ತನ್ನ ಸರ್ವರನ್ನೇ ನಂಬುವುದಿಲ್ಲ. ವೈರ್‌ಗಾರ್ಡಿನಲ್ಲಿ ಇನ್ನೊಂದು ಬಗೆ: ಎದುರಿನ ತುದಿ ಕೊನೆಯ ಸಲ ಕಂಡ ಸಮಯಕ್ಕಿಂತ ಹಿಂದಿನ ಸಮಯ ಹೊತ್ತು ಬಂದ ಹ್ಯಾಂಡ್‌ಶೇಕನ್ನು ಹಳೆಯ ಪ್ಯಾಕೆಟ್ ಮರುಕಳಿಸಿದ್ದು ಅಂತ ಎಸೆದುಬಿಡುತ್ತದೆ. ಇಂಟರ್ನೆಟ್ ಬಂದ ಕೂಡಲೇ ವಿಂಡೋಸ್ ಸಮಯ ಸರಿಮಾಡಿಕೊಳ್ಳುವುದಿಲ್ಲವೇ? ವ್ಯತ್ಯಾಸ ಚಿಕ್ಕದಿದ್ದರೆ ಮಾಡಿಕೊಳ್ಳುತ್ತದೆ. ಡೊಮೇನ್ ಇಲ್ಲದ (ಕಂಪನಿಯ ಸರ್ವರಿಗೆ ಸೇರಿಸದ) ಸಾಮಾನ್ಯ ಪಿಸಿಯಲ್ಲಿ ಅದರ ಮಿತಿ 15 ಗಂಟೆ, ಅದನ್ನು ಮೀರಿದರೆ ತಿದ್ದಲು ಒಪ್ಪುವುದಿಲ್ಲ. ಬ್ಯಾಟರಿ ಬದಲಾಯಿಸಿ, ಸಮಯ ಕೈಯಲ್ಲಿ ಸರಿಮಾಡಿ. ಹಳೆಯ ಬೋರ್ಡುಗಳಲ್ಲಿ ಬ್ಯಾಟರಿಯ ಜೊತೆ ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಮ್) ಸೆಟ್ಟಿಂಗುಗಳೂ ಹೋಗಿರುತ್ತವೆ, ಅವನ್ನೂ ಮತ್ತೆ ಹಾಕಬೇಕು.

ಲಾಗಿನ್

ಪಿನ್ ಹೊರಗಿನಿಂದ ನಡೆಯುವುದಿಲ್ಲ, ಪಾಸ್‌ವರ್ಡ್ ಬೇಕು. ಪಾಸ್‌ವರ್ಡೇ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿದ್ದು ಮೊದಲಿನಿಂದ ಪಿನ್ನಿನಲ್ಲೇ ನಡೆಸಿದ್ದರೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಿರಸ್ಕರಿಸಬಹುದು. ಪಿಸಿಯ ಮುಂದೆ ಕೂತು ಒಂದು ಸಲ ಪಾಸ್‌ವರ್ಡಿನಿಂದಲೇ ಲಾಗಿನ್ ಆದರೆ ಸರಿಹೋಗುತ್ತದೆ. ಅಡ್ಮಿನ್ ಅಲ್ಲದ ಖಾತೆಯನ್ನು ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್ ಗುಂಪಿಗೆ ಸೇರಿಸಬೇಕು.

ದೋಷವಲ್ಲದ ಒಂದು ದೂರು: ‘ಮಾಲೀಕರು ಒಳಗೆ ಬಂದ ಕೂಡಲೇ ನನ್ನ ಸ್ಕ್ರೀನ್ ಲಾಕ್ ಆಗುತ್ತೆ.’ ವಿಂಡೋಸ್ ಪ್ರೊನಲ್ಲಿ ಒಮ್ಮೆಗೆ ಒಬ್ಬರೇ. ರೈಟರೂ ಮಾಲೀಕರೂ ಒಂದೇ ಪರದೆಯನ್ನು ಒಟ್ಟಿಗೆ ನೋಡಬೇಕಾದರೆ ಎನಿಡೆಸ್ಕ್, ರಸ್ಟ್‌ಡೆಸ್ಕ್‌ನಂಥ ಪರದೆ ಹಂಚುವ ಸಾಫ್ಟ್‌ವೇರ್ ಬೇಕು. ಅವೂ ಒಳಗಿನಿಂದ ಹೊರಗೆ ಕನೆಕ್ಟ್ ಆಗುವುದರಿಂದ ಸಿಜಿನ್ಯಾಟ್ ಅಡ್ಡಿಯಿಲ್ಲ. ಆದರೆ ಇಂಥವನ್ನೇ ಮುಂದಿಟ್ಟುಕೊಂಡು ಮೋಸ ಮಾಡುವವರಿದ್ದಾರೆ. 2019ರಲ್ಲಿ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಹೆಸರೆತ್ತಿಯೇ ಎಚ್ಚರಿಸಿತ್ತು. ಬ್ಯಾಂಕಿನವರು ಅಂತ ಫೋನ್ ಮಾಡಿದವರು ಹೇಳಿದ್ದಕ್ಕೆ ಏನನ್ನೂ ಇನ್‌ಸ್ಟಾಲ್ ಮಾಡಕೂಡದು, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಅಂತ ರೈಟರಿಗೆ ಬಾಯಿಬಿಟ್ಟು ಹೇಳಿ.

ಹೊರಡುವ ಮುನ್ನ

ಎಲ್ಲ ಸರಿಯಾದ ಮೇಲೆ ಟ್ಯಾಲಿ ಮುಚ್ಚಿ, ಪಿಸಿಯನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಯುಪಿಎಸ್ ಮತ್ತು ಗೋಡೆಯ ಸ್ವಿಚ್ ಎರಡನ್ನೂ ಆರಿಸಿ, ಐದು ನಿಮಿಷ ಬಿಟ್ಟು ಹಾಕಿ. ಬಯೋಸ್‌ನಲ್ಲಿ ಕರೆಂಟ್ ಮರಳಿದಾಗ ಏನು ಮಾಡಬೇಕೆಂಬ ಆಯ್ಕೆ ‘ಪವರ್ ಆನ್’ ಆಗಿರಬೇಕು. ‘ಲಾಸ್ಟ್ ಸ್ಟೇಟ್’ ಅಂತಿದ್ದರೆ, ಯುಪಿಎಸ್ ಇಳಿದು ಪಿಸಿ ಶಟ್‌ಡೌನ್ ಆಗಿದ್ದ ದಿನ ಅದು ಆಫ್ ಆಗಿಯೇ ಉಳಿಯುತ್ತದೆ. ಪಿಸಿ ತಾನಾಗಿ ಎದ್ದ ಮೇಲೆ ಯಾರೂ ಲಾಗಿನ್ ಆಗಬಾರದು, ಕೀಬೋರ್ಡ್ ಮುಟ್ಟಬಾರದು. ನೀವು ಅಂಗಳಕ್ಕೆ ಬಂದು ಮೊಬೈಲ್ ಡೇಟಾದಲ್ಲಿ ಕನೆಕ್ಟ್ ಮಾಡಿ. ಬಂದರೆ ಹೊರಡಬಹುದು. ಬರದಿದ್ದರೆ ಬಯೋಸ್, ಅನ್‌ಅಟೆಂಡೆಡ್ ಆಯ್ಕೆ, ಗಡಿಯಾರ, ಇದೇ ಕ್ರಮದಲ್ಲಿ ಮತ್ತೆ ನೋಡಿ.